ಹಬೆಯಾಡುವ ಅವರೆಕಾಳು

ಕೋಸಂಬರಿ ರಾಮನವಮಿಯ ಬಿಸಿಲಿಗೆ ಸರಿ. ಧನುರ್ಮಾಸದ ಚಳಿಗೆ ಅವರೆಕಾಳಿನ ಬಿಸಿ ಉಸಲಿಯೇ ಆಗಬೇಕು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಈಗ ಸೊಗಡಿನ ಅವರೆಕಾಯಿಯ ಕಾಲ. ಬಿಡಿಸಿದ ಬೆರಳಿಗೆ ಅಂಟಿದ ಸೊನೆಯ ವಾಸನೆ ಸೋಪು ಹಾಕಿದರೂ ಬಿಡುವುದಿಲ್ಲ. ಬಿಡದಿದ್ದರೇನಂತೆ! ಉಪ್ಪು ಹಾಕಿ ಬೇಯಿಸಿದ ಕಾಳನ್ನು ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಸುರಿದು, ಮೇಲೆ ಕಾಯಿತುರಿ, ಕೊತ್ತಂಬರಿಸೊಪ್ಪು, ನಿಂಬೆರಸ. ತಟ್ಟೆಯಿಂದ ಹಬೆ ಏಳುವಾಗಲೇ ತಿನ್ನಬೇಕು.

ಹಳೆಯ ನಾಟಿ ತಳಿಗಳು ಹಗಲು ಚಿಕ್ಕದಾದಾಗಲೇ ಹೂ ಬಿಡುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಆ ಹಂಗಿಲ್ಲ, ಬೇರೆ ಕಾಲದಲ್ಲೂ ಬೆಳೆಯಬಹುದು. ಆದರೆ ಆ ಸೊಗಡು? ನನ್ನ ಮೂಗಿಗೆ ಅದು ಇನ್ನೂ ಚಳಿಗಾಲದ್ದೇ. ಸಂಕ್ರಾಂತಿ ಕಳೆದರೆ ಕಾಳು ಬಲಿಯುತ್ತದೆ. ಈ ವಾರವೇ ಒಂದೆರಡು ಕೆಜಿ ತನ್ನಿ.