ಸುಜುಮೆಯ ಚಿಕ್ಕಮ್ಮ

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



'ಮನಸ್ಸಿನಲ್ಲಿ ಉಳಿದ ಒಂದು ಸಿನಿಮಾ' ಅಂತ ವಿಷಯ ಕೊಟ್ಟಾಗ ಹೆಚ್ಚಿನವರು ಪುಟ್ಟಣ್ಣ ಕಣಗಾಲರ ಚಿತ್ರವನ್ನೇ ಆರಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ನನಗಿಂತ ಮುಂಚೆ ಮಾತಾಡಿದ ಇಬ್ಬರೂ ಹಾಗೇ ಮಾಡಿದ್ದಾರೆ. ನಾನು ಮಾತ್ರ ಜಪಾನಿನ ಒಂದು ಕಾರ್ಟೂನ್ ಹಿಡಿದುಕೊಂಡು ಬಂದಿದ್ದೇನೆ. ಕಾರ್ಟೂನ್ ಅಂದರೆ ನಮ್ಮ ಮನೆಯ ಹುಡುಗಿಗೆ ಸಿಟ್ಟು ಬರುತ್ತದೆ, 'ಅನಿಮೆ' ಅನ್ನಬೇಕಂತೆ. ಚಿತ್ರದ ಹೆಸರು 'ಸುಜುಮೆ', ನಿರ್ದೇಶಕರು ಮಕೋಟೊ ಶಿಂಕಾಯ್. ಜಪಾನಿನಲ್ಲಿ 2022ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು, ನಮ್ಮ ದೇಶದ ಥಿಯೇಟರುಗಳಿಗೆ 2023ರ ಏಪ್ರಿಲ್‌ನಲ್ಲಿ ಬಂತು. ಕಥೆಯನ್ನು ಕೊನೆತನಕ ಹೇಳಿಬಿಡುತ್ತೇನೆ, ನೋಡದವರು ಬೇಜಾರು ಮಾಡಿಕೊಳ್ಳಬೇಡಿ. ಕೊನೆ ಗೊತ್ತಿದ್ದೂ ನೋಡಬಹುದಾದ ಸಿನಿಮಾ ಇದು.

ಸುಜುಮೆ ಹದಿನೇಳು ವರ್ಷದ ಹುಡುಗಿ. ದಕ್ಷಿಣ ಜಪಾನಿನ ಕ್ಯೂಶು ದ್ವೀಪದಲ್ಲಿ, ಮಿಯಾಝಾಕಿ ಸೀಮೆಯ ಒಂದು ಕಡಲತೀರದ ಊರಿನಲ್ಲಿ, ಚಿಕ್ಕಮ್ಮ ತಮಾಕಿಯ ಜೊತೆ ಇದ್ದಾಳೆ. (ಅನಿಮೆ ಬಲ್ಲವರಿಗೆ ಮಿಯಾಝಾಕಿ ಅಂದರೆ ಇನ್ನೊಬ್ಬ ದೊಡ್ಡ ನಿರ್ದೇಶಕರ ಹೆಸರು. ಇಲ್ಲಿ ಅದು ಜಾಗದ ಹೆಸರು.) ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಸೋತಾ ಎಂಬ ಯುವಕ ಎದುರಾಗಿ, ಈ ಕಡೆ ಹಾಳುಬಿದ್ದ ಜಾಗ ಎಲ್ಲಿದೆ, ಬಾಗಿಲು ಹುಡುಕುತ್ತಿದ್ದೇನೆ ಅನ್ನುತ್ತಾನೆ. ಅವನ ಹಿಂದೆ ಹೋದ ಸುಜುಮೆಗೆ ಪಾಳುಬಿದ್ದ ಹೋಟೆಲಿನ ನಡುವೆ, ನಿಂತ ನೀರಿನಲ್ಲಿ, ಗೋಡೆಯಿಲ್ಲದ ಒಂದು ಬಾಗಿಲು ಕಾಣುತ್ತದೆ. ತೆರೆದರೆ ಆಚೆ ನಕ್ಷತ್ರ ತುಂಬಿದ ಆಕಾಶ. ಅಂಥ ಬಾಗಿಲುಗಳಿಂದ ಕೆಂಪು ಹೊಗೆಯ ದೊಡ್ಡ ಹುಳು ಹೊರಬಂದು ನೆಲದ ಮೇಲೆ ಬಿದ್ದರೆ ಭೂಕಂಪ. ಅವನ್ನು ಮುಚ್ಚಿ ಬೀಗ ಹಾಕುವುದು ಸೋತಾನ ಮನೆತನದ ಕೆಲಸ. ಆದರೆ ಮಾತಾಡುವ ಒಂದು ಬೆಕ್ಕು ಅವನನ್ನು ಸುಜುಮೆಯ ಚಿಕ್ಕಂದಿನ ಕುರ್ಚಿಯಾಗಿ ಮಾಡಿಬಿಡುತ್ತದೆ. ಅವಳ ಅಮ್ಮ ಕೈಯಾರೆ ಮಾಡಿಕೊಟ್ಟ ಪುಟ್ಟ ಹಳದಿ ಕುರ್ಚಿ ಅದು. ಮೂರೇ ಕಾಲು. ಕುಂಟುತ್ತಾ ಓಡುವ ಆ ಕುರ್ಚಿಯ ಜೊತೆ ಹುಡುಗಿ ಹಡಗು ಹತ್ತುತ್ತಾಳೆ: ಎಹಿಮೆ, ಕೋಬೆ, ಟೋಕಿಯೊ, ಕೊನೆಗೆ ಈಶಾನ್ಯದ ತೊಹೊಕು.

ಈ ದಾರಿಯನ್ನು ಸುಮ್ಮನೆ ಆರಿಸಿದ್ದಲ್ಲ. ಕೋಬೆಯಲ್ಲಿ 1995ರ ಜನವರಿಯಲ್ಲಿ ಭೂಕಂಪವಾಗಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಟೋಕಿಯೊ ಸುತ್ತಮುತ್ತ 1923ರಲ್ಲಿ ಸತ್ತವರು ಲಕ್ಷದ ಲೆಕ್ಕದಲ್ಲಿ. ತೊಹೊಕು ಅಂದರೆ 2011ರ ಮಾರ್ಚ್ 11. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ 9.0 ತೀವ್ರತೆಯ ಭೂಕಂಪ, ಹಿಂದೆಯೇ ಸುನಾಮಿ. 18 ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಸುಜುಮೆಗೆ ಆಗ ನಾಲ್ಕು ವರ್ಷ. ನರ್ಸ್ ಆಗಿದ್ದ ಅಮ್ಮ ಅವತ್ತು ಮನೆಗೆ ಬರಲೇ ಇಲ್ಲ. ಚಿತ್ರದಲ್ಲಿ ಭೂಕಂಪದ ಎಚ್ಚರಿಕೆಯ ಸದ್ದು ಬರುತ್ತದೆ ಎಂದು ನಿರ್ಮಾಪಕರು ಬಿಡುಗಡೆಗೆ ಮುಂಚೆಯೇ ಪ್ರೇಕ್ಷಕರಿಗೆ ಸೂಚನೆ ಕೊಟ್ಟಿದ್ದರು. ಅಲ್ಲಿನವರಿಗೆ ಇದು ಬರೀ ಮಾಯಾಲೋಕದ ಕಥೆಯಲ್ಲ.

ಜಪಾನಿ ಭಾಷೆಯಲ್ಲಿ ಚಿತ್ರದ ಪೂರ್ತಿ ಹೆಸರು 'ಸುಜುಮೆ ನೊ ತೊಜಿಮಾರಿ'. ತೊಜಿಮಾರಿ ಅಂದರೆ ಮನೆಯ ಬಾಗಿಲು, ಕಿಟಕಿ ಭದ್ರ ಮಾಡುವುದು. ನಾವು ಊರಿಗೆ ಹೊರಡುವ ಮುಂಚೆ ಮಾಡುತ್ತೇವಲ್ಲ, ಅದೇ. ಶಿಂಕಾಯ್ ಸಂದರ್ಶನವೊಂದರಲ್ಲಿ ಹೇಳಿದ್ದಾರೆ: ಜಪಾನಿನಲ್ಲಿ ಮನೆ ಕಟ್ಟುವ ಮುಂಚೆ ನೆಲಕ್ಕೆ ಪೂಜೆ ಮಾಡುವ ಪದ್ಧತಿ ಇದೆ, ಆದರೆ ಒಂದು ಊರು ಮುಗಿದುಹೋಗುವಾಗ ಮಾಡುವಂಥದ್ದು ಏನೂ ಇಲ್ಲ. ನಮ್ಮಲ್ಲೂ ಭೂಮಿಪೂಜೆ ಇದೆ, ಗೃಹಪ್ರವೇಶ ಇದೆ. ಮನೆ ಬಿಟ್ಟು ಹೊರಡುವಾಗ? ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಫೋನು, ಅಷ್ಟೇ. ನಮ್ಮ ಐಟಿಯಲ್ಲಾದರೂ ಹಳೇ ಸರ್ವರ್ ಮುಚ್ಚುವಾಗ ಒಂದು ಚೆಕ್‌ಲಿಸ್ಟ್ ಇರುತ್ತದೆ!

ಚಿತ್ರದಲ್ಲಿ ಬಾಗಿಲು ಮುಚ್ಚಲು ಬಲ ಸಾಲದು. ಕಣ್ಣುಮುಚ್ಚಿ, ಅಲ್ಲಿ ಬದುಕಿದ್ದ ಜನರನ್ನು ನೆನೆಯಬೇಕು. ಅವರ ದನಿಗಳು ಕಿವಿಗೆ ಬಿದ್ದಮೇಲೆ ಕೀಲಿಯ ತೂತು ಕಾಣಿಸುತ್ತದೆ. ಮರೆತು ಮುಂದೆ ಹೋಗು ಅಂತ ದುಃಖದಲ್ಲಿರುವವರಿಗೆ ನಾವೆಲ್ಲ ಹೇಳುತ್ತೇವೆ. ಇಲ್ಲಿ ನೆನಪಿಸಿಕೊಳ್ಳದೆ ಬೀಗವೇ ಬೀಳುವುದಿಲ್ಲ.

ಇಷ್ಟು ಹಿನ್ನೆಲೆ ಸಾಕು. ನಾನು ಮಾತಾಡಬೇಕೆಂದು ಬಂದಿರುವುದು ತಮಾಕಿಯ ಬಗ್ಗೆ. ಪೋಸ್ಟರಿನಲ್ಲಿ ಇಲ್ಲದ, ವಿಮರ್ಶೆಗಳಲ್ಲಿ ಒಂದು ಸಾಲು ಸಿಕ್ಕಿದರೆ ಹೆಚ್ಚು ಅನ್ನಿಸುವ ಹೆಂಗಸು. ಅಕ್ಕ ಹೋದಾಗ ಅವಳಿಗೆ ಇಪ್ಪತ್ತೆಂಟು. ಹಿಮದಲ್ಲಿ ಅಮ್ಮನನ್ನು ಹುಡುಕುತ್ತಾ ಅಲೆಯುತ್ತಿದ್ದ ಮಗುವನ್ನು ತಬ್ಬಿಕೊಂಡು, ನಮ್ಮನೆ ಮಗಳಾಗ್ತೀಯಾ ಅಂತ ಕೇಳಿ, ದಕ್ಷಿಣಕ್ಕೆ ಕರೆದುಕೊಂಡು ಬಂದವಳು. ಈಗ ನಲವತ್ತು. ಮೀನುಗಾರರ ಸಹಕಾರ ಸಂಘದಲ್ಲಿ ಕೆಲಸ. ದಿನಾ ಚಿತ್ತಾರ ಬರೆದ ಹಾಗೆ ಊಟದ ಡಬ್ಬಿ ಕಟ್ಟುತ್ತಾಳೆ, ಗೆಳತಿಯರು ಅದನ್ನು ನೋಡಿ ಸುಜುಮೆಯನ್ನು ರೇಗಿಸುತ್ತಾರೆ. ಹುಡುಗಿ ಮನೆಬಿಟ್ಟು ಹೋದಾಗ ಮೆಸೇಜ್ ಮೇಲೆ ಮೆಸೇಜ್. ಕೊನೆಗೆ ರಜೆ ಹಾಕಿ ಟೋಕಿಯೊಗೇ ಬಂದು ಹಿಡಿಯುತ್ತಾಳೆ.

ಅಲ್ಲಿಂದ ಸೋತಾನ ಗೆಳೆಯನ ಹಳೇ ಕೆಂಪು ಕಾರಿನಲ್ಲಿ ಉತ್ತರಕ್ಕೆ ಪ್ರಯಾಣ. ಮಳೆ ಬರುತ್ತದೆ, ಕಾರಿನ ಮಾಡು ಮುಚ್ಚುವುದಿಲ್ಲ. ಹೆದ್ದಾರಿಯ ಪಕ್ಕದ ಪಾರ್ಕಿಂಗ್‌ನಲ್ಲಿ ನಿಂತಾಗ ಇಬ್ಬರಿಗೂ ಜಗಳ ಹತ್ತುತ್ತದೆ. ನಿನ್ನ ಕಾಳಜಿ ನನಗೆ ಭಾರ ಅನ್ನುತ್ತಾಳೆ ಹುಡುಗಿ. ತಮಾಕಿ ಸಿಡಿಯುತ್ತಾಳೆ. ನಿನ್ನಿಂದ ಮನೆಗೆ ಯಾರನ್ನೂ ಕರೆಯಲಾಗಲಿಲ್ಲ, ಮಗು ಇರುವವಳಿಗೆ ಗಂಡು ಸಿಗುತ್ತದೆಯೇ, ನನ್ನ ಬದುಕನ್ನು ನನಗೆ ವಾಪಸು ಕೊಡು. ಹೀಗೆಲ್ಲ ಅಂದುಬಿಡುತ್ತಾಳೆ. ಆ ಹೊತ್ತಿಗೆ ಒಂದು ಕರಿಬೆಕ್ಕಿನ ದೈವ ಅವಳ ಮೈಮೇಲೆ ಬಂದಿರುತ್ತದೆ.

ನಮ್ಮ ಧಾರಾವಾಹಿಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಮೈಮೇಲೆ ಬಂದಿತ್ತು, ಅವಳಾಗಿ ಆಡಿದ ಮಾತಲ್ಲ, ಪಾಪ ದೇವತೆಯಂಥವಳು ಅಂತ. ಶಿಂಕಾಯ್ ಹಾಗೆ ಬಿಡುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಸೈಕಲ್ ತುಳಿಯುತ್ತಾ, ಹಿಂದೆ ಕೂತ ಹುಡುಗಿಗೆ ತಮಾಕಿ ತಾನಾಗಿಯೇ ಹೇಳುತ್ತಾಳೆ: ಆ ಮಾತು ನನ್ನ ಮನಸ್ಸಿನಲ್ಲಿ ಇದ್ದದ್ದೇ, ಆದರೆ ಇದ್ದದ್ದು ಅದೊಂದೇ ಅಲ್ಲ. ಅಷ್ಟೇ ಮಾತು. ಸೈಕಲ್ ಮುಂದೆ ಹೋಗುತ್ತದೆ.

ಇದನ್ನೇ ನಾನು ಯಾಕೆ ಹಿಡಿದುಕೊಂಡೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ನನ್ನ ಅಕ್ಕ ತೀರಿಕೊಂಡಳು. ಭಾವ ಹಡಗಿನ ಕೆಲಸದವರು, ವರ್ಷದಲ್ಲಿ ಏಳೆಂಟು ತಿಂಗಳು ಸಮುದ್ರದ ಮೇಲೆ. ಅಕ್ಕನ ಮಗಳು ಎಂಟು ವರ್ಷದವಳಿದ್ದಾಗ ಪುಣೆಗೆ, ನನ್ನ ಎರಡು ಕೋಣೆಯ ಫ್ಲ್ಯಾಟಿಗೆ ಬಂದಳು. ಶಿರಸಿ ಕಡೆಯವರಾದ್ದರಿಂದ ನನ್ನನ್ನು ಚಿಕ್ಕಿ ಅನ್ನುತ್ತಾಳೆ. ಲೋಣಾವಳದಲ್ಲಿ ಸಾಲು ಸಾಲು 'ಚಿಕ್ಕಿ' ಬೋರ್ಡು ನೋಡಿ ಅವಳು ನಕ್ಕದ್ದು ನಮ್ಮನೆಗೆ ಬಂದಮೇಲೆ ಅವಳ ಮೊದಲ ನಗು. ಇದನ್ನೆಲ್ಲ ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. ಹೆಸರು ಮಾತ್ರ ಹೇಳಬೇಡ ಅಂದಿದ್ದಾಳೆ.

ಆಮೇಲೆ ಜನ ನನಗೆ ಒಂದು ಬಿರುದು ಕೊಟ್ಟರು, ತ್ಯಾಗಮಯಿ ಅಂತ. ಆನ್‌ಸೈಟ್ ಅವಕಾಶ ಬಿಟ್ಟಳು, ಮದುವೆ ಬಿಟ್ಟಳು, ಎಂಥಾ ತ್ಯಾಗ! ಪ್ರೀತಿಯಿಂದ ಹೇಳುವ ಮಾತೇ, ಗೊತ್ತು. ಆದರೆ ಅದನ್ನು ಮಗುವಿನ ಎದುರಿಗೇ ಹೇಳುತ್ತಾರೆ. ಚಿಕ್ಕಮ್ಮನದು ತ್ಯಾಗ ಆದರೆ ಮಗು ಏನಾಯಿತು? ತೀರಿಸಲಾಗದ ಸಾಲ. ಇನ್ನು ಕೆಲವರು ಇದರ ತದ್ವಿರುದ್ಧ, ಸ್ವಂತ ತಾಯಿಯಷ್ಟು ಆಗುತ್ತದಾ ಅಂತ ಮೆಲ್ಲಗೆ ತನಿಖೆ ಮಾಡುವವರು. ಹೆರದೆ ಸಾಕುವ ಹೆಂಗಸಿಗೆ ನಮ್ಮ ಕಥೆಗಳಲ್ಲಿ ಇರುವುದು ಎರಡೇ ವೇಷ, ದೇವತೆ ಇಲ್ಲವೇ ಮಲತಾಯಿ. ತಮಾಕಿ ಎರಡೂ ಅಲ್ಲ.

ಪಾರ್ಕಿಂಗ್ ದೃಶ್ಯ ಬಂದಾಗ ನಮ್ಮ ಹುಡುಗಿ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿದಳು. "ನಿಂಗೂ ಹೀಗೆ ಅನ್ನಿಸ್ತದಾ ಚಿಕ್ಕಿ?" ಅಂದಳು.

"ಒಂದೊಂದ್ಸಲ," ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಒಂದೊಂದ್ಸಲ, ಇಲ್ಲಿಗೆ ಬರೋದೇ ಬ್ಯಾಡಾಗಿತ್ತು ಅನ್ನಿಸ್ತದೆ," ಅಂತ ಹೇಳಿ ಮತ್ತೆ ಪ್ಲೇ ಒತ್ತಿದಳು. ಸೈಕಲ್ ದೃಶ್ಯ ಇನ್ನೂ ಬಂದಿರಲಿಲ್ಲ. ಬಂದಾಗ ಇಬ್ಬರೂ ಏನೂ ಮಾತಾಡಲಿಲ್ಲ, ಶೇಂಗಾ ತಿನ್ನುತ್ತಿದ್ದೆವು.

ಚಿತ್ರದ ಕೊನೆಗೆ ಬರುತ್ತೇನೆ. ತನ್ನ ಹಳೇ ಮನೆಯ ಅಡಿಪಾಯ ಮಾತ್ರ ಉಳಿದ ಜಾಗದಲ್ಲಿ ಸುಜುಮೆ ಹುಗಿದಿಟ್ಟ ಡಬ್ಬಿಯನ್ನು ಅಗೆದು ತೆಗೆಯುತ್ತಾಳೆ. ಒಳಗೆ ನಾಲ್ಕು ವರ್ಷದಲ್ಲಿ ಬರೆದ ಚಿತ್ರಗಳ ಡೈರಿ. ಮಾರ್ಚ್ 11ರಿಂದಾಚೆ ಪುಟಪುಟವೂ ಕಪ್ಪು ಕ್ರೆಯಾನ್. ಅಲ್ಲಿನ ಬಾಗಿಲು ದಾಟಿ ಸತ್ತವರ ಲೋಕಕ್ಕೆ ಹೋಗುತ್ತಾಳೆ. ಚಿಕ್ಕಂದಿನಲ್ಲಿ ಒಮ್ಮೆ ಅಲ್ಲಿ ಅಮ್ಮ ಸಿಕ್ಕಿ ಕುರ್ಚಿ ಕೊಟ್ಟಿದ್ದಳು ಅಂತ ಅವಳ ನೆನಪು. ಆದರೆ ಈಗ ಅಲ್ಲಿ ಸಿಗುವುದು ಅಳುತ್ತಿರುವ ನಾಲ್ಕು ವರ್ಷದ ತಾನೇ. ಆವತ್ತು ಬಂದವಳು ಅಮ್ಮ ಆಗಿರಲಿಲ್ಲ, ದೊಡ್ಡವಳಾದ ಸುಜುಮೆ ಆಗಿದ್ದಳು. ಕುರ್ಚಿಯನ್ನು ಮಗುವಿನ ಕೈಗೆ ಕೊಟ್ಟು, ನೀನು ಬೆಳೆಯುತ್ತೀಯ, ನಿನ್ನನ್ನು ಪ್ರೀತಿಸುವವರು ಸಿಗುತ್ತಾರೆ ಅನ್ನುತ್ತಾಳೆ. ಮಾತಾಡುವ ಬೆಕ್ಕು, ಓಡುವ ಕುರ್ಚಿ ಎಲ್ಲ ಇರುವ ಕಥೆಯಲ್ಲೂ ಸತ್ತ ಅಮ್ಮನನ್ನು ಮಾತ್ರ ವಾಪಸು ತರಲಿಲ್ಲ ನಿರ್ದೇಶಕರು. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ.

ಎಲ್ಲವೂ ಒಪ್ಪಿಗೆಯಾಯಿತು ಅಂತಲ್ಲ. ಸೋತಾನ ಮೇಲಿನ ಪ್ರೇಮ ನನಗೆ ಅಷ್ಟಾಗಿ ನಾಟಲಿಲ್ಲ, ನಾಲ್ಕು ದಿನದ ಪರಿಚಯಕ್ಕೆ ಪ್ರಾಣ ಕೊಡಲು ಹೊರಡುವುದು ಸ್ವಲ್ಪ ಅತಿ. ಆ ಬೆಕ್ಕಿಗೂ ಅನ್ಯಾಯವಾಗಿದೆ ಅಂತ ನಮ್ಮ ಹುಡುಗಿ ಇವತ್ತಿಗೂ ವಾದ ಮಾಡುತ್ತಾಳೆ. ತಮಾಕಿ ಸುಜುಮೆಯನ್ನು ಕೇಳಿದ ಮಾತನ್ನೇ ಸುಜುಮೆ ಆ ಬೆಕ್ಕಿಗೆ ಕೇಳಿದ್ದಳು, ನಮ್ಮನೆ ಮಗುವಾಗ್ತೀಯಾ ಅಂತ. ಆಮೇಲೆ ಬೇಡ ಅಂದಳು. ಕೊನೆಗೆ ಬೆಕ್ಕು ಮತ್ತೆ ಕಲ್ಲಾಯಿತು.

ಇನ್ನೊಂದೇ ವಿಷಯ. ಕೊನೆಯ ಬಾಗಿಲಿನ ಬಳಿ ಮಾರ್ಚ್ 11ರ ಬೆಳಗಿನ ದನಿಗಳು ಕೇಳಿಸುತ್ತವೆ. ಗಂಡ, ಹೆಂಡತಿ, ಶಾಲೆಗೆ ಹೊರಟ ಮಕ್ಕಳು, ಎಲ್ಲರೂ ಅನ್ನುವುದು ಒಂದೇ, 'ಇತ್ತೆಕಿಮಾಸ್'. ಸಬ್‌ಟೈಟಲ್ ನೋಡುವ ಅಗತ್ಯವೇ ಬೀಳಲಿಲ್ಲ ನನಗೆ. ಅದರ ಅರ್ಥ 'ಹೋಗಿ ಬರ್ತೀನಿ'. ನಮ್ಮಲ್ಲಿ ಹೋಗ್ತೀನಿ ಅಂದರೆ ಅಜ್ಜಿಯರು ಬೈಯುತ್ತಿದ್ದರಲ್ಲ, ಬರ್ತೀನಿ ಅನ್ನು ಅಂತ. ಆಂಬುಲೆನ್ಸ್ ಹತ್ತುವಾಗ ನನ್ನ ಅಕ್ಕನೂ ಮಗಳಿಗೆ ಅದನ್ನೇ ಹೇಳಿದ್ದಳು.

ಅಕ್ಕನ ಮನೆ ಖಾಲಿ ಮಾಡಿದಾಗ ತಂದ ಒಂದು ರಟ್ಟಿನ ಪೆಟ್ಟಿಗೆ ನಮ್ಮ ಅಟ್ಟದ ಮೇಲಿತ್ತು. ಸಿನಿಮಾ ನೋಡಿದ ಮುಂದಿನ ಭಾನುವಾರ ಹುಡುಗಿ ಅದನ್ನು ಕೆಳಗಿಳಿಸಲು ಹೇಳಿದಳು. ಇಳಿಸಿದೆ. ಈಗ ಹಾಲ್‌ನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇದೆ. ಇನ್ನೂ ಬಿಚ್ಚಿಲ್ಲ. ದಿನಾ ಅದರ ಸುತ್ತ ಕಸ ಗುಡಿಸುತ್ತೇವೆ.

ಚಿತ್ರ ಎರಡು ಗಂಟೆಯದು. ಚಿಕ್ಕ ಮಕ್ಕಳಿಗೆ ಕೆಲವು ದೃಶ್ಯ ಹೆದರಿಕೆ ತರಬಹುದು, ಜೊತೆಗೆ ಕೂತು ನೋಡಿ. ಜಪಾನಿ ದನಿಯಲ್ಲೇ ನೋಡಿ, ತಮಾಕಿ ಸಿಟ್ಟು ಬಂದಾಗ ತನ್ನ ಸೀಮೆಯ ಮಾತಿಗೆ ಇಳಿಯುವುದು ಭಾಷೆ ಬರದಿದ್ದರೂ ಗೊತ್ತಾಗುತ್ತದೆ. ಪ್ರಶ್ನೆಗಳಿದ್ದರೆ ಚಹಾದ ಹೊತ್ತಿಗೆ ಮಾತಾಡೋಣ.