ಮುಸುರೆ ಡಬ್ಬಿಯೂ ಕಾಡಿನ ಮೂಗೂ



ಮಲೆನಾಡಿನ ಹಳೆಯ ಮನೆಗಳಲ್ಲಿ ಹಿತ್ತಿಲ ಬಾಗಿಲ ಬಳಿ ಮುಸುರೆ ಬಾನಿಯೊಂದು ಇರುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಎಲೆಯಲ್ಲಿ ಮಿಕ್ಕ ಅನ್ನ ಎಲ್ಲವೂ ಅದನ್ನು ಸೇರಿ ಬೆಳಿಗ್ಗೆ ಸಂಜೆ ಕೊಟ್ಟಿಗೆಗೆ ಹೋಗುತ್ತಿದ್ದವು. ಬಾನಿ ನಾರುತ್ತಿರಲಿಲ್ಲ, ಅದರಲ್ಲಿ ಯಾವುದೂ ಅರ್ಧ ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಇಂದು ಎಷ್ಟೋ ಮನೆಗಳ ಕೊಟ್ಟಿಗೆ ಬರಿದಾಗಿದೆ. ಬಾನಿಯ ಜಾಗಕ್ಕೆ ಮುಚ್ಚಳವುಳ್ಳ ಪ್ಲಾಸ್ಟಿಕ್ ಡಬ್ಬಿ ಬಂದಿದೆ. ನಾಲ್ಕು ದಿನ ಅದು ತುಂಬುತ್ತದೆ. ಐದನೆಯ ದಿನ ಮುಚ್ಚಳ ತೆಗೆಯಲು ಯಾರಿಗೂ ಧೈರ್ಯ ಬಾರದು.

ಅಡುಗೆಮನೆಯ ಕಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅದು ತಳಕ್ಕಿಳಿದು ಗಾಳಿಯಾಡುವ ಸಂದುಗಳನ್ನು ಮುಚ್ಚಿದಾಗ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಅನ್ನ ಮತ್ತು ಹಣ್ಣುಗಳಿಂದ ಹುಳಿನಾತದ ಆಮ್ಲಗಳು, ಮೀನು, ಮಾಂಸ, ಮೊಟ್ಟೆಗಳಿಂದ ಅಮೋನಿಯ ಮತ್ತು ಹೈಡ್ರೊಜನ್ ಸಲ್ಫೈಡ್ ಹುಟ್ಟುತ್ತವೆ. ಬಿಗಿ ಮುಚ್ಚಳವು ನಾತವನ್ನು ತಡೆದಂತೆ ಕಂಡರೂ ಒಳಗೆ ಬೆಳೆಸುತ್ತದೆ. ಅಂಗಡಿಯ ಸುಗಂಧ ದ್ರವ ಸುರಿಯುವುದೆಂದರೆ ಒದ್ದೆ ಕಂಬಳಿಗೆ ಅತ್ತರು ಹಚ್ಚಿದಂತೆ.

ಪಟ್ಟಣದಲ್ಲಿ ಈ ನಾತ ನೆರೆಮನೆಯವರನ್ನು ಮಾತ್ರ ತಲುಪುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದಲ್ಲಿ, ಕಾಡಿನ ನಡುವೆಯೇ ಇರುವ ಎಡಕುಮೇರಿಯಂಥ ಕಡೆ ಅದನ್ನು ಕಾಡೂ ಮೂಸುತ್ತದೆ. ಮಾಗಿದ ಹಲಸಿನ ವಾಸನೆ ಆನೆಯನ್ನು ಎಲ್ಲಿಗೆ ಕರೆತರುತ್ತದೆಂಬುದನ್ನು ಆಲೂರು, ಸಕಲೇಶಪುರದ ತೋಟದವರಿಗೆ ಹೇಳಬೇಕಾಗಿಲ್ಲ. ಮನೆಯ ಹಿಂದೆ ರಾಶಿ ಹಾಕಿದ ಹಲಸಿನ ಸಿಪ್ಪೆಯ ಕರೆಯೂ ಅದೇ. ಹುಳಿತ ಅನ್ನಕ್ಕೆ ಹಂದಿ ಬರುತ್ತದೆ. ಎಸೆದ ಎಲುಬಿಗೆ ನಾಯಿ, ನಾಯಿಯ ಹಿಂದೆ ಚಿರತೆ. ನಸುಕಿನಲ್ಲಿ ಬಚ್ಚಲೊಲೆ ಹೊತ್ತಿಸಲು ಹೊರಬರುವ ಹೆಂಗಸಿಗೆ ಎದುರಾಗುವವು ಇವೇ. ಕಸದ ಗಾಡಿಯನ್ನು ನಂಬಿ ಕೂರುವ ಸೀಮೆಯೂ ಇದಲ್ಲ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದಾಗ ರೈಲುಗಳೇ ದಿನಗಟ್ಟಲೆ ನಿಂತಿದ್ದವು.

ಡಬ್ಬಿಯನ್ನು ತೊಳೆಯುವ ಮೊದಲು ಬರಿದು ಮಾಡಿ, ಅಂಟಿದ್ದನ್ನು ತೆಂಗಿನ ನಾರಿನಿಂದ ಕೆರೆದು ತೆಗೆಯಬೇಕು. ಬಳಿಕ ಬಿಸಿನೀರು ಮತ್ತು ಸೋಪು, ಇಲ್ಲವೇ ಅಂಟುವಾಳದ ನೊರೆ ಸಾಕು. ಮುಚ್ಚಳದ ಒಳಅಂಚು, ಹಿಡಿಯ ಸಂದು, ತಳದ ಮೂಲೆ, ಈ ಮೂರು ಕಡೆ ಉಳಿಯುವ ಲೋಳೆಯೇ ಮರುದಿನದ ನಾತದ ಬೀಜ. ಹುಳಿವಾಸನೆ ಆಮ್ಲದ್ದಾದ್ದರಿಂದ ಅಡುಗೆ ಸೋಡ ಉಜ್ಜಿದರೆ ಹೋಗುತ್ತದೆ; ಮೀನಿನ ವಾಸನೆಗೆ ನಿಂಬೆ ಹುಳಿಯೇ ಮದ್ದು. ಬ್ಲೀಚಿಂಗ್ ಪುಡಿಯನ್ನು ನಿಂಬೆಹುಳಿ, ವಿನೆಗರ್, ಕಕ್ಕಸು ತೊಳೆಯುವ ಆಸಿಡ್ ಇವುಗಳ ಜೊತೆ ಎಂದೂ ಬೆರೆಸಬಾರದು. ಹೊರಬರುವುದು ವಿಷದ ಕ್ಲೋರಿನ್ ಅನಿಲ. ಅಷ್ಟಕ್ಕೂ ಇಲ್ಲಿ ಅದರ ಅಗತ್ಯವೇ ಇಲ್ಲ. ಘಟ್ಟದ ಈ ಮಗ್ಗುಲ ನೀರು ಕೆಂಪುಹೊಳೆಯ ಮೂಲಕ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಆಲೂರಿನ ಕಡೆಯದು ಹೇಮಾವತಿಗೆ. ತೊಳೆದ ನೀರು ತೊರೆಗೆ ಹರಿಯದೆ ಬಾಳೆಯ ಬುಡಕ್ಕೆ ಹೋಗಲಿ.

ತೊಳೆದುದನ್ನು ಒಣಗಿಸುವುದೇ ಮಲೆನಾಡಿನ ನಿಜವಾದ ತೊಡಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪ. ಒಂದು ಡಬ್ಬಿಯನ್ನು ನೆಚ್ಚುವ ಮನೆ ಒದ್ದೆ ಡಬ್ಬಿಗೇ ಕಸ ತುಂಬುತ್ತದೆ. ಎರಡಿದ್ದರೆ ಒಂದು ಬಳಕೆಯಲ್ಲಿರುವಾಗ ಇನ್ನೊಂದು ಬಚ್ಚಲೊಲೆಯಿಂದ ತುಸು ದೂರದಲ್ಲಿ ಬೋರಲಾಗಿ ಒಣಗಬಹುದು.

ತಳದಲ್ಲಿ ನಾಲ್ಕು ಬೆರಳು ದರಗು ಹಾಸಿ, ಪ್ರತಿ ಬಾರಿ ಕಸ ಹಾಕಿದ ಮೇಲೂ ಒಂದು ಹಿಡಿ ಮುಚ್ಚಿದರೆ ನೀರು ಹೀರಿಕೊಳ್ಳುತ್ತದೆ, ಗಾಳಿಯೂ ಆಡುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಗೊಬ್ಬರ ಚೆನ್ನಾಗಿ ಕಳಿಯಲು ಇಂಗಾಲ–ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1 ಇರಬೇಕು. ಆಹಾರದ ಕಸದಲ್ಲಿ ಇಂಗಾಲ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಆ ಕೊರತೆಯನ್ನು ದರಗು, ಕಾಫಿ ಹೊಟ್ಟು, ಮರದ ಹುಡಿ ತುಂಬುತ್ತವೆ. ಮಳೆಗಾಲಕ್ಕಾಗಿ ಮಾರ್ಚಿಯಲ್ಲೇ ಎರಡು ಗೋಣಿ ದರಗು ಕಟ್ಟಿಡುವುದು ಸೌದೆ ಕೂಡಿಡುವಷ್ಟೇ ಮುಖ್ಯ. ಒಲೆಬೂದಿಯೂ ಒಳ್ಳೆಯದೇ, ಕಾಡು ಸವರಿ ಸುಟ್ಟು ಬೂದಿಯಲ್ಲಿ ಬಿತ್ತುತ್ತಿದ್ದ ಕುಮೇರಿ ಬೇಸಾಯ ನಿಂತಿದ್ದುದೇ ಅದರ ಮೇಲೆ. ಆದರೆ ಕ್ಷಾರಗುಣದ ಬೂದಿ ಹೆಚ್ಚಾದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಚಿಟಿಕೆಯಷ್ಟು ಉದುರಿಸಿದರೆ ಸಾಕು. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡವೇ ಬೇಡ.

ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳುವಾಗುತ್ತದೆ. ಆದುದರಿಂದ ಡಬ್ಬಿ ತುಂಬಲಿ ಬಿಡಲಿ, ದಿನವೂ ಸಂಜೆ, ಕತ್ತಲಾಗುವ ಮೊದಲೇ ಬರಿದಾಗಬೇಕು. ಗೊಬ್ಬರದ ಗುಂಡಿ ಮನೆಯಿಂದ ದೂರವಿದ್ದು, ಹಾಕಿದ ಕಸದ ಮೇಲೆ ಗೇಣುದ್ದ ಮಣ್ಣು, ದರಗು ಬೀಳಬೇಕು. ಎಲುಬು, ಮೀನಿನ ಮುಳ್ಳನ್ನು ಇನ್ನೂ ಆಳಕ್ಕೆ ಹೂಳಬೇಕು. ಹೋಂಸ್ಟೇ ನಡೆಸುವವರಲ್ಲಿ ವಿಶೇಷವಾದ ಒಂದು ಕೋರಿಕೆ: ಇಪ್ಪತ್ತು ಅತಿಥಿಗಳ ಎಂಜಲು ತುಂಬಿದ ಪೀಪಾಯಿಯನ್ನು ರಾತ್ರಿ ಅಂಗಳದಲ್ಲಿ ಬಿಡಬೇಡಿ. ಹಲಸಿನ ಕಾಲದಲ್ಲಂತೂ ಸಿಪ್ಪೆಯನ್ನು ಹಗಲೇ ಹೆಚ್ಚಿ ಮಣ್ಣು ಮುಚ್ಚಿಬಿಡಿ.