ಅಂಗಳದಲ್ಲಿ ಅವರಿಗೂ ಜಾಗ



ಹಂಪಾಪುರದಂಥ ನಮ್ಮ ಊರುಗಳ ಶಾಲೆಗಳಲ್ಲಿ ಆಟದ ಪೀರಿಯಡ್ ಬಂತೆಂದರೆ, ಕಾಲು ಊನವಾದ ಹುಡುಗನ ಕೈಗೆ ಅಂಕ ಬರೆಯುವ ಪುಸ್ತಕ ಕೊಟ್ಟು ಕೂರಿಸುವುದುಂಟು. ಅದು ಕರುಣೆಯೇ ಹೌದು. ಆದರೆ ಅವನಿಗೆ ಬೇಕಾದದ್ದು ಚೆಂಡು.

ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲನ್ನೇ ನೋಡಿ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಂದ ಬೆಳೆದ ಈ ಆಟ 1960ರ ರೋಮ್ ಪ್ಯಾರಾಲಿಂಪಿಕ್ಸ್‌ನಲ್ಲೇ ಇತ್ತು. ರಿಂಗಿನ ಎತ್ತರ ಇಲ್ಲಿಯೂ 3.05 ಮೀಟರ್, ಒಂದಂಗುಲವೂ ರಿಯಾಯಿತಿಯಿಲ್ಲ. ಚಲನೆಯ ಶಕ್ತಿಗೆ ತಕ್ಕಂತೆ ಪ್ರತಿ ಆಟಗಾರನಿಗೆ 1ರಿಂದ 4.5ರವರೆಗೆ ಅಂಕ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಅಂಗಳದಲ್ಲಿರುವ ಐವರ ಮೊತ್ತ 14 ಮೀರಬಾರದು. ಕಾಲೊಂದನ್ನು ಕಳೆದುಕೊಂಡರೂ ಮೈ ಗಟ್ಟಿಯಾಗಿರುವವನಿಗೆ ಹೆಚ್ಚು ಅಂಕ. ಆದ್ದರಿಂದ ಬಲಶಾಲಿಗಳನ್ನೇ ಆರಿಸಿ ತಂಡ ಕಟ್ಟಲಾಗದು. ಹೆಚ್ಚು ಊನವುಳ್ಳವನೂ ಬೇಕೇ ಬೇಕು. ಅವನು ಅಲ್ಲಿ ಕರುಣೆಯಿಂದ ಬಂದವನಲ್ಲ, ತಂಡಕ್ಕೆ ಅಗತ್ಯವಾದವನು.

ಆಟ ಬೇರೆಯಾದರೂ ನಮ್ಮ ನೆರೆಯ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶರನ್ನು ನೆನೆಯೋಣ. ಒಂದು ಕಾಲು ಊನವಿದ್ದೂ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಅವರೂ ಅಂಕ ಬರೆಯುತ್ತಲೇ ಕುಳಿತಿದ್ದರೆ?

ನಾಳೆ ಆಟಕ್ಕಿಳಿದಾಗ, ಬದಿಯಲ್ಲಿ ಕುಳಿತ ಗೆಳೆಯನತ್ತ ಚೆಂಡನ್ನು ಎಸೆಯಿರಿ. ಪುಸ್ತಕವನ್ನು ಸರದಿಯ ಮೇಲೆ ಎಲ್ಲರೂ ಬರೆಯಬಹುದು.